ಹಳೇ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್: ಎಂಜಿನ್ ಲೈಟ್ ಬಂದ ಮಾತ್ರಕ್ಕೆ ಬದಲಿಸಬೇಕಾ?

ಕೆಎ18_ಬಿಳಿಕಾರು, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಕಾರಿನ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ವಿಷಯದಲ್ಲಿ ನಿಮ್ಮ ಸಲಹೆ ಬೇಕಿತ್ತು. ನನ್ನದು 2014ರ ಮಾಡೆಲ್, 1.2 ಲೀಟರ್ ಪೆಟ್ರೋಲ್ ಕಾರು. 1 ಲಕ್ಷ 40 ಸಾವಿರ ಕಿ.ಮೀ. ಓಡಿದೆ. ನಾನು ಎರಡನೇ ಓನರ್. ದಿನಾ ಬೇಲೂರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ರಜೆ ಬಂದರೆ ಮೂಡಿಗೆರೆ ಹತ್ತಿರ ಮಾವನ ತೋಟಕ್ಕೆ.

ಕಳೆದ ತಿಂಗಳಿಂದ ಎಂಜಿನ್ ಚೆಕ್ ಲೈಟ್ ಬರುತ್ತಿದೆ. ಕೆಲವು ದಿನ ಇರುತ್ತದೆ, ತಾನೇ ಹೋಗುತ್ತದೆ, ಮತ್ತೆ ಬರುತ್ತದೆ. ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿದರು. ಪಿ0420 ಅನ್ನುವ ತೊಂದರೆಯ ಕೋಡ್ ಬಂತು. "ಕನ್ವರ್ಟರ್ ಹೋಗಿದೆ, ಗಾಡಿಗೆ ವಯಸ್ಸಾಯ್ತು, ಹೊಸದೇ ಹಾಕಬೇಕು" ಅಂದರು. ಕೂಲಿ ಸೇರಿ 38 ಸಾವಿರ ಅಂತೆ. ಬೇರೆ ಯಾವ ಪರೀಕ್ಷೆಯನ್ನೂ ಮಾಡಲಿಲ್ಲ. ಗಾಡಿಯ ಕೆಳಗೆ ಬಗ್ಗಿ ಕೂಡ ನೋಡಲಿಲ್ಲ.

ಗಾಡಿ ಚೆನ್ನಾಗೇ ಓಡುತ್ತಿದೆ. ಏರಿನಲ್ಲಿ ಪಿಕಪ್ ಸ್ವಲ್ಪ ಕಮ್ಮಿ ಅನ್ನಿಸುತ್ತದೆ. ಎಮಿಷನ್ ಸರ್ಟಿಫಿಕೇಟ್ ಮುಂದಿನ ತಿಂಗಳು ಮುಗಿಯುತ್ತದೆ. ಈ ಗಾಡಿಯನ್ನು ಇನ್ನೂ ನಾಲ್ಕೈದು ವರ್ಷ ಇಟ್ಟುಕೊಳ್ಳುವ ಆಸೆ ಇದೆ. ಈಗಲೇ ಬದಲಿಸಬೇಕಾ, ಕಾಯಬಹುದಾ? ತಿಳಿದವರು ಹೇಳಿ.

ಹಾಸನ_ಸ್ಪ್ಯಾನರ್, ಹಾಸನ

ಸರ್, ಆತುರ ಮಾಡಬೇಡಿ. ದುಡ್ಡು ಕೊಡುವ ಮುಂಚೆ ಇದನ್ನು ಓದಿ. ಪೆಟ್ರೋಲ್ ಗಾಡಿಗಳ ಕೆಲಸ ಮಾಡುತ್ತಾ ನಾನು ನೋಡಿದ್ದನ್ನು ಹೇಳುತ್ತೇನೆ.

ಕನ್ವರ್ಟರ್ ಅನ್ನುವುದು ಪ್ಲಗ್ ಅಥವಾ ಬೆಲ್ಟ್ ತರಹ ಇಷ್ಟು ಕಿ.ಮೀ.ಗೆ ಬದಲಿಸಿ ಅಂತ ಸರ್ವೀಸ್ ಪಟ್ಟಿಯಲ್ಲಿ ಬರೆದಿರುವ ಸಾಮಾನಲ್ಲ. ಎಂಜಿನ್ ಸರಿಯಾಗಿದ್ದರೆ ಗಾಡಿ ಇರುವವರೆಗೂ ಅದು ಇರಬಹುದು. ಲಕ್ಷಾಂತರ ಕಿ.ಮೀ. ಓಡಿದ ಗಾಡಿಯಲ್ಲೂ ಮೊದಲಿನ ಕನ್ವರ್ಟರೇ ಇರುವುದನ್ನು ನೋಡಿದ್ದೇನೆ. ಅದು ತಾನಾಗಿ ಸಾಯುವುದು ಕಡಿಮೆ. ಬೇರೆ ಯಾವುದೋ ತೊಂದರೆ ಅದನ್ನು ಕೊಲ್ಲುತ್ತದೆ. ಆ ತೊಂದರೆ ಹಿಡಿಯದೆ ಹೊಸದು ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಆಗ 38 ಸಾವಿರ ಎರಡು ಸಲ ಹೋಗುತ್ತದೆ.

ಒಳಗೆ ಏನಿದೆ ಅಂತ ಗೊತ್ತಿದ್ದರೆ ಇದು ಬೇಗ ಅರ್ಥವಾಗುತ್ತದೆ. ಸ್ಟೀಲ್ ಡಬ್ಬದೊಳಗೆ ಜೇನುಹುಟ್ಟಿನ ಹಾಗೆ ಸಣ್ಣ ಸಣ್ಣ ತೂತುಗಳಿರುವ ಪಿಂಗಾಣಿ ಇಟ್ಟಿಗೆ ಇರುತ್ತದೆ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪ. ಹೊಗೆ ಆ ತೂತುಗಳಲ್ಲಿ ಹಾದು ಹೋಗುವಾಗ ವಿಷದ ಅನಿಲಗಳು ಬದಲಾಗುತ್ತವೆ. ಇದು ಹಾಳಾಗುವುದು ಮೂರು ತರಹ. ಒಂದು, ಲೇಪದ ಮೇಲೆ ಆಯಿಲ್ ಅಥವಾ ಕೂಲೆಂಟ್‌ನ ಅಂಶ ಕೂತು ಕೆಲಸ ನಿಲ್ಲುವುದು. ಇನ್ನೊಂದು, ಸುಡದ ಪೆಟ್ರೋಲ್ ಒಳಗೆ ಹೋಗಿ ಅಲ್ಲೇ ಉರಿದು ಇಟ್ಟಿಗೆ ಕರಗುವುದು. ಮತ್ತೊಂದು, ಪೆಟ್ಟು ಬಿದ್ದು ಒಡೆಯುವುದು. ಮೂರರಲ್ಲೂ ಕಾರಣ ಕನ್ವರ್ಟರಿನ ಹೊರಗಿದೆ, ಗಮನಿಸಿ.

ಪಿ0420 ಅಂದರೆ 'ಕನ್ವರ್ಟರ್ ಬದಲಿಸಿ' ಅಂತ ಅಲ್ಲ. ಕನ್ವರ್ಟರಿನ ಕೆಲಸ ಮಿತಿಗಿಂತ ಕೆಳಗೆ ಇಳಿದಿದೆ ಅಂತ ಕಂಪ್ಯೂಟರ್ ಲೆಕ್ಕ ಹಾಕಿದೆ, ಅಷ್ಟೇ. ಕನ್ವರ್ಟರಿಗೆ ಮುಂಚೆ ಒಂದು, ದಾಟಿದ ಮೇಲೆ ಒಂದು ಆಕ್ಸಿಜನ್ ಸೆನ್ಸರ್ ಇರುತ್ತದೆ; ಆ ಲೆಕ್ಕ ಹಿಂದಿನ ಸೆನ್ಸರ್ ಹೇಳುವುದರ ಮೇಲೆ ನಿಂತಿದೆ. ಸೈಲೆನ್ಸರ್ ಪೈಪಿನ ಜಾಯಿಂಟಿನಲ್ಲಿ ಸಣ್ಣ ಲೀಕ್ ಇದ್ದು ಹೊರಗಿನ ಗಾಳಿ ಒಳಗೆ ಹೋದರೂ ಇದೇ ಕೋಡ್ ಬರಬಹುದು.

ಇಷ್ಟು ತಿಳಿಸಿ: ಬೇರೆ ಕೋಡ್ ಏನಾದರೂ ಇತ್ತಾ? ಪೆಂಡಿಂಗ್ ಕೋಡುಗಳನ್ನೂ (ಇನ್ನೂ ಖಚಿತವಾಗದೆ ಕಂಪ್ಯೂಟರಿನಲ್ಲಿ ಕೂತಿರುವವು) ನೋಡಿಸಿ. ಎರಡು ಸರ್ವೀಸಿನ ನಡುವೆ ಆಯಿಲ್ ಹಾಕಬೇಕಾಗುತ್ತದಾ? ಕೂಲೆಂಟ್ ಇಳಿಯುತ್ತದಾ? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹೊಗೆ ಯಾವ ಬಣ್ಣ?

ಸಕಲೇಶಪುರ_ರೋಡು, ಸಕಲೇಶಪುರ

ಇಷ್ಟೆಲ್ಲ ಯಾಕೆ ಅಂತ. ನಮ್ಮ ಕಡೆ ಎಷ್ಟೋ ಜನ ಹಳೇ ಗಾಡಿಯಲ್ಲಿ ಕನ್ವರ್ಟರ್ ಬಿಚ್ಚಿಸಿ, ಒಳಗಿನ ಇಟ್ಟಿಗೆ ಒಡೆದು ತೆಗೆಸಿ, ಖಾಲಿ ಡಬ್ಬ ಮತ್ತೆ ಹಾಕಿಸುತ್ತಾರೆ. ಕೂಲಿ ಮಾತ್ರ ಖರ್ಚು. ಪಿಕಪ್ಪೂ ಬರುತ್ತದೆ ಅಂತಾರೆ. ಹತ್ತು ವರ್ಷ ದಾಟಿದ ಗಾಡಿಗೆ 38 ಸಾವಿರ ಸುರಿಯುವುದು ಎಲ್ಲರ ಕೈಯಲ್ಲಿ ಆಗುವ ಮಾತಲ್ಲ. ಗಾಡಿ ಇಲ್ಲದೆ ಆಸ್ಪತ್ರೆಗೂ ಹೋಗೋಕಾಗದ ಊರು ನಮ್ಮದು.

ಅರಸೀಕೆರೆ_ಮೇಷ್ಟ್ರು, ಅರಸೀಕೆರೆ

ಸಕಲೇಶಪುರದ ಅಣ್ಣಾ, ಖರ್ಚಿನ ಕಷ್ಟ ನನಗೂ ಅರ್ಥವಾಗುತ್ತದೆ. ಆದರೆ ಈ ಸಲಹೆಯನ್ನು ದಯವಿಟ್ಟು ಯಾರಿಗೂ ಕೊಡಬೇಡಿ. ನಾನು ಕೆಮಿಸ್ಟ್ರಿ ಪಾಠ ಮಾಡುವವನು. ಆ ಡಬ್ಬದಲ್ಲಿ ಏನು ನಡೆಯುತ್ತದೆ ಅನ್ನುವುದನ್ನು ಮಕ್ಕಳಿಗೆ ಹೇಳಿಕೊಡುತ್ತೇನೆ.

ಎಂಜಿನ್ನಿನಿಂದ ಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅರೆಬರೆ ಸುಟ್ಟ ಹೈಡ್ರೋಕಾರ್ಬನ್ ಇರುತ್ತದೆ, ನೈಟ್ರೋಜನ್ ಆಕ್ಸೈಡುಗಳಿರುತ್ತವೆ. ಕನ್ವರ್ಟರ್ ಮೊದಲ ಎರಡನ್ನು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಗಿ ಮಾಡುತ್ತದೆ. ಮೂರನೆಯದನ್ನು ಒಡೆದು ಮಾಮೂಲಿ ನೈಟ್ರೋಜನ್ ಮಾಡುತ್ತದೆ. ಒಳ್ಳೆಯ ಕನ್ವರ್ಟರ್ ಬಿಸಿಯಾದ ಮೇಲೆ ಇವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಮುಗಿಸುತ್ತದೆ. ಅದನ್ನು ಒಡೆದು ಹಾಕಿದರೆ ಅಷ್ಟೂ ವಿಷ ಹೊರಗೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಸ್‌ಸ್ಟ್ಯಾಂಡ್ ಮುಂದೆ, ಶಾಲೆ ಗೇಟಿನ ಮುಂದೆ ಗಾಡಿ ಆನ್ ಇಟ್ಟುಕೊಂಡು ನಿಲ್ಲುತ್ತೇವಲ್ಲ, ಆ ಹೊಗೆ ಕುಡಿಯುವುದು ಮಕ್ಕಳು.

ಕಾನೂನಿನ ಮಾತೂ ಇದೆ. ನಮ್ಮ ದೇಶದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ಅದಕ್ಕಾಗಿಯೇ ಸೀಸ ಇಲ್ಲದ ಪೆಟ್ರೋಲ್ ತಂದರು, ಯಾಕೆಂದರೆ ಸೀಸ ಆ ಲೇಪವನ್ನು ಕೊಲ್ಲುತ್ತದೆ. 2000ದಲ್ಲಿ ಸೀಸದ ಪೆಟ್ರೋಲ್ ದೇಶದಲ್ಲೆಲ್ಲ ನಿಂತಿತು. ಇಷ್ಟು ಕಷ್ಟಪಟ್ಟು ತಂದದ್ದನ್ನು ಸುತ್ತಿಗೆಯಿಂದ ಒಡೆಯುವುದು ಸರಿಯಲ್ಲ.

ಎಮಿಷನ್ ಟೆಸ್ಟಿನಲ್ಲೂ ಇದು ಸಿಕ್ಕಿಬೀಳುತ್ತದೆ. ಬಿಎಸ್4 (ಭಾರತ್ ಸ್ಟೇಜ್ 4 ಹೊಗೆ ಮಿತಿ) ಪೆಟ್ರೋಲ್ ಕಾರಿಗೆ, ಗಾಡಿ ನಿಲ್ಲಿಸಿ ಎಂಜಿನ್ ಸುಮ್ಮನೆ ಓಡುವಾಗ, ಅಂದರೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 0.3 ಶೇಕಡಾ, ಹೈಡ್ರೋಕಾರ್ಬನ್ 200 ಪಿಪಿಎಂ ದಾಟಬಾರದು. ಎಂಜಿನ್ ವೇಗ ಏರಿಸಿ ಸುಮಾರು 2,500 ಆರ್‌ಪಿಎಂನಲ್ಲಿ ಕಾರ್ಬನ್ ಮಾನಾಕ್ಸೈಡ್ 0.2 ಶೇಕಡಾ. ಇನ್ನೂ ಹಳೆಯ, 2000ದ ನಂತರದ ಬಿಎಸ್2 ಗಾಡಿಗಳಿಗೆ 0.5 ಮತ್ತು 750. ಖಾಲಿ ಡಬ್ಬದಲ್ಲಿ ಈ ಅಂಕಿ ಮುಟ್ಟುವುದು ತುಂಬಾ ಕಷ್ಟ.

ಸಕಲೇಶಪುರ_ರೋಡು, ಸಕಲೇಶಪುರ

ಮೇಷ್ಟ್ರೇ, ಮಕ್ಕಳ ಮಾತು ಹೇಳಿದಿರಿ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ದುಡ್ಡಿಲ್ಲದವನು ಏನು ಮಾಡಬೇಕು ಅನ್ನುವುದಕ್ಕೂ ಯಾರಾದರೂ ಉತ್ತರ ಕೊಡಿ. ಬರೀ ತಪ್ಪು ಅಂದರೆ ಆಗುವುದಿಲ್ಲ.

ಹಾಸನ_ಸ್ಪ್ಯಾನರ್, ಹಾಸನ

ಅಣ್ಣಾ, ಉತ್ತರ ಇದೆ. ಹೆಚ್ಚಿನವರಿಗೆ 38 ಸಾವಿರ ಖರ್ಚು ಮಾಡುವ ಪರಿಸ್ಥಿತಿಯೇ ಬರಬೇಕಾಗಿಲ್ಲ. ಪ್ಲಗ್, ಅದಕ್ಕೆ ಕಿಡಿಯ ಕರೆಂಟ್ ಕೊಡುವ ಕಾಯಿಲ್, ಗ್ಯಾಸ್ಕೆಟ್, ಸೆನ್ಸರ್, ಇವುಗಳಲ್ಲೇ ಎಷ್ಟೋ ಗಾಡಿಗಳು ಸರಿ ಹೋಗುತ್ತವೆ. ದುಡ್ಡಿಲ್ಲದವನು ಮೊದಲು ಮಾಡಿಸಬೇಕಾದ್ದು ಸರಿಯಾದ ಪರೀಕ್ಷೆ.

ಇಟ್ಟಿಗೆ ತೆಗೆದರೆ ಪಿಕಪ್ ಬರುತ್ತದೆ ಅನ್ನುವುದು ಅದರ ತೂತುಗಳು ಕಟ್ಟಿಕೊಂಡಿದ್ದ ಗಾಡಿಯಲ್ಲಿ ಮಾತ್ರ ನಿಜ. ಕಟ್ಟಿಕೊಳ್ಳದ ಗಾಡಿಯಲ್ಲಿ ಶಬ್ದ ಜಾಸ್ತಿ ಆಗುತ್ತದೆ, ಬೇರೇನೂ ಸಿಗುವುದಿಲ್ಲ. 2013ರ ನಂತರದ ಕಾರುಗಳಲ್ಲಿ ಇಟ್ಟಿಗೆ ತೆಗೆದರೆ ಎಂಜಿನ್ ಲೈಟ್ ಕಾಯಂ ಉರಿಯುತ್ತದೆ. ಆಮೇಲೆ ನಿಜವಾಗಿಯೂ ಬೇರೆ ತೊಂದರೆ ಬಂದಾಗ ಆ ಲೈಟಿನಿಂದ ತಿಳಿಯುವುದೇ ಇಲ್ಲ.

ಕೆಎ18_ಬಿಳಿಕಾರು, ಚಿಕ್ಕಮಗಳೂರು

ಎಲ್ಲರಿಗೂ ಧನ್ಯವಾದ. ಒಡೆದು ತೆಗೆಸುವ ಯೋಚನೆ ನನಗಿಲ್ಲ, ಮನೆಯಲ್ಲಿ ಸಣ್ಣ ಮಗು ಇದೆ.

ಸ್ಪ್ಯಾನರ್ ಅಣ್ಣಾ, ನೀವು ಹೇಳಿದ ಹಾಗೆ ಬೇರೆ ಕಡೆ ಹೋಗಿ ಪೂರ್ತಿ ಸ್ಕ್ಯಾನ್ ಮಾಡಿಸಿದೆ. ಪಿ0420 ಜೊತೆಗೆ ಪೆಂಡಿಂಗ್‌ನಲ್ಲಿ ಪಿ0302 ಇದೆ. ಎರಡನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಅಂದರು. ಆಯಿಲ್ ನಡುವೆ ಹಾಕಬೇಕಾಗುತ್ತದೆ. ಹಳೇ ಗಾಡಿ ಅಂದರೆ ಇಷ್ಟು ಕುಡಿಯುತ್ತದೆ ಅಂತ ಮೊದಲ ಓನರ್ ಹೇಳಿದ್ದರು. ಕೂಲೆಂಟ್ ಇಳಿಯುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಸ್ವಲ್ಪ ನೀಲಿ ಹೊಗೆ ಬಂದು ನಿಲ್ಲುತ್ತದೆ.

ಹಾಸನ_ಸ್ಪ್ಯಾನರ್, ಹಾಸನ

ನೋಡಿ, ಅಪರಾಧಿಗಳು ಸಿಗುತ್ತಿದ್ದಾರೆ. ಒಂದಲ್ಲ, ಇಬ್ಬರು.

ಮೊದಲು ಮಿಸ್ಸಿಂಗ್. ಒಂದು ಸಿಲಿಂಡರಿನಲ್ಲಿ ಕಿಡಿ ಬೀಳದಿದ್ದರೆ ಆ ಪೆಟ್ರೋಲ್ ಹಾಗೇ ಕನ್ವರ್ಟರಿಗೆ ಹೋಗುತ್ತದೆ. ಅಲ್ಲಿ ಬಿಸಿ ಸಾಮಾನ್ಯವಾಗಿ 400ರಿಂದ 800 ಡಿಗ್ರಿ ಇರುತ್ತದೆ. ಪೆಟ್ರೋಲ್ ಅಲ್ಲೇ ಉರಿದರೆ ಸಾವಿರ ದಾಟುತ್ತದೆ. ಲೇಪದ ಲೋಹ ಮುದ್ದೆಯಾಗಿ ಕೆಲಸ ಕಳೆದುಕೊಳ್ಳುತ್ತದೆ. ಇನ್ನೂ ಮುಂದುವರಿದರೆ ಪಿಂಗಾಣಿಯೇ ಕರಗಿ ದಾರಿ ಕಟ್ಟುತ್ತದೆ. ಎಂಜಿನ್ ಲೈಟ್ ಬರೀ ಉರಿಯುವುದಲ್ಲ, ಮಿಣಮಿಣ ಅಂದರೆ ಇದೇ ನಡೆಯುತ್ತಿದೆ ಅಂತ ಅರ್ಥ. ಆಗ ಆಕ್ಸಿಲರೇಟರ್ ತುಳಿಯದೆ ನಿಧಾನಕ್ಕೆ ಹೋಗಿ ಹತ್ತಿರದ ಗ್ಯಾರೇಜಿನಲ್ಲಿ ನಿಲ್ಲಿಸಬೇಕು. ಇದನ್ನು ಎಲ್ಲರೂ ನೆನಪಿಡಿ.

ಆಮೇಲೆ ಆಯಿಲ್. ಎಂಜಿನ್ ಆಯಿಲ್‌ನಲ್ಲಿ ಸವೆತ ತಡೆಯಲು ರಂಜಕ, ಸತುವು ಇರುವ ರಾಸಾಯನಿಕ ಹಾಕಿರುತ್ತಾರೆ. ಎಂಜಿನ್ ಆಯಿಲ್ ಸುಟ್ಟರೆ ಅದು ಹೊಗೆ ಜೊತೆ ಹೋಗಿ ಲೇಪದ ಮೇಲೆ ಪದರ ಕಟ್ಟುತ್ತದೆ. ಅದು ಉಜ್ಜಿದರೂ ಹೋಗುವುದಿಲ್ಲ, ಸುಟ್ಟರೂ ಹೋಗುವುದಿಲ್ಲ. ಹಳೇ ಗಾಡಿ ಆಯಿಲ್ ಕುಡಿಯುವುದು ಸಹಜ ಅಂತ ಬಿಟ್ಟುಬಿಡುತ್ತಾರಲ್ಲ, ಕನ್ವರ್ಟರ್ ನಿಧಾನವಾಗಿ ಸಾಯುವುದು ಅದರಿಂದಲೇ. ಆಯಿಲ್ ಕೊಳ್ಳುವಾಗ ಡಬ್ಬದ ಮೇಲೆ ಎಪಿಐ ಎಸ್‌ಎನ್ ಅಥವಾ ಎಸ್‌ಪಿ ಅನ್ನುವ ಗುಣಮಟ್ಟದ ಗುರುತು ಇರುವ ಪೆಟ್ರೋಲ್ ಎಂಜಿನ್ ಆಯಿಲ್ ನೋಡಿ, ನಿಮ್ಮ ಪುಸ್ತಕದಲ್ಲಿ ಹೇಳಿದ ಗ್ರೇಡಿನಲ್ಲೇ. ಟ್ರ್ಯಾಕ್ಟರಿಗೆ ತಂದದ್ದು ಮನೆಯಲ್ಲಿದೆ ಅಂತ ಅದನ್ನೇ ಸುರಿಯಬೇಡಿ. ತೋಟದ ಮನೆಗಳಲ್ಲಿ ಇದು ನಡೆಯುತ್ತದೆ.

ನಿಮಗೊಂದು ಸುಲಭದ ಪರೀಕ್ಷೆ. ಚಾರ್ಮಾಡಿ ಘಾಟಿಯನ್ನು ಗೇರಿನಲ್ಲೇ, ಆಕ್ಸಿಲರೇಟರ್ ಬಿಟ್ಟು ಇಳಿಯಿರಿ. ಕೆಳಗೆ ಸಮ ರಸ್ತೆ ಸಿಕ್ಕಾಗ ಒಮ್ಮೆ ತುಳಿಯಿರಿ. ಹಿಂದೆ ನೀಲಿ ಹೊಗೆ ಬುಸ್ ಅಂತ ಬಂದರೆ ವಾಲ್ವ್ ಸೀಲ್ ಮೇಲೆ ಅನುಮಾನ ಜಾಸ್ತಿ. ಇಳಿಯುವಾಗ ಎಂಜಿನ್ನಿನ ಸೆಳೆತ ಹೆಚ್ಚಿ ಸೀಲಿನ ಸಂದಿಯಿಂದ ಆಯಿಲ್ ಒಳಗೆ ಬರುತ್ತದೆ. ವಾಪಸ್ ಹತ್ತುವಾಗ, ಎಂಜಿನ್ ಎಳೆಯುವಾಗ ಪೂರ್ತಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಕಡೆ ನೋಡಬೇಕು. ಬೆಳಿಗ್ಗೆ ಸ್ಟಾರ್ಟಿಗೆ ಮಾತ್ರ ಬರುವುದು ಕೂಡ ಸೀಲ್ ಕಡೆಗೇ ಬೆರಳು ತೋರಿಸುತ್ತದೆ.

ಘಾಟಿ ಮಾತು ಬಂದದ್ದರಿಂದ ಒಂದು ಕೋರಿಕೆ. ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಕೀ ಆಫ್ ಮಾಡುವವರು ಇನ್ನೂ ಇದ್ದಾರೆ. ಸ್ಟೇರಿಂಗ್, ಬ್ರೇಕ್ ಗಟ್ಟಿಯಾಗಿ ಪ್ರಾಣಕ್ಕೇ ಅಪಾಯ. ಹಳೇ ಕಾರ್ಬುರೇಟರ್ ಗಾಡಿಯಲ್ಲಾದರೆ ಸುಡದ ಪೆಟ್ರೋಲ್ ಕನ್ವರ್ಟರಿಗೂ ಹೋಗುತ್ತದೆ. ಇಂಜೆಕ್ಷನ್ ಗಾಡಿಯಲ್ಲಿ ಗೇರಿನಲ್ಲಿ ಇಳಿದರೆ ಕಂಪ್ಯೂಟರೇ ಪೆಟ್ರೋಲ್ ನಿಲ್ಲಿಸುತ್ತದೆ. ಕೀ ಮುಟ್ಟುವ ಅಗತ್ಯವೇ ಇಲ್ಲ.

ಬಾಳೆಹೊನ್ನೂರು_ಕಾಫಿ, ಬಾಳೆಹೊನ್ನೂರು

ನಾನೂ ಒಂದು ಅನುಭವ ಸೇರಿಸುತ್ತೇನೆ. ನನ್ನದು 2008ರ ಕಾರು. ಇದರಲ್ಲಿ ಕನ್ವರ್ಟರ್ ಎಂಜಿನ್ ಪಕ್ಕ ಇಲ್ಲ, ಗಾಡಿಯ ಹೊಟ್ಟೆಯ ಕೆಳಗಿದೆ. ತೋಟದ ರಸ್ತೆಯಲ್ಲಿ ಮಳೆಗಾಲದಲ್ಲಿ ಮಣ್ಣು ಕೊಚ್ಚಿ ಹೋಗಿ ಕಲ್ಲು ಮೇಲೆದ್ದಿರುತ್ತದೆ. ಒಂದು ಕಲ್ಲು ಜೋರಾಗಿ ತಾಗಿತು. ಆವತ್ತು ಏನೂ ಆಗಲಿಲ್ಲ. ಸ್ವಲ್ಪ ದಿನಕ್ಕೆ ಸ್ಟಾರ್ಟ್ ಮಾಡಿದಾಗ ಕೆಳಗೆ ಗಲಗಲ ಶಬ್ದ. ಆಮೇಲೆ ಏರು ಹತ್ತುವಾಗ ಗಾಡಿ ಉಸಿರುಗಟ್ಟಿದ ಹಾಗೆ ಆಗುತ್ತಿತ್ತು. ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಜಾಗದಲ್ಲಿ ಮೊದಲ ಗೇರ್ ಬೇಕಾಯಿತು. ರಾತ್ರಿ ನಿಲ್ಲಿಸಿ ಬಗ್ಗಿ ನೋಡಿದರೆ ಡಬ್ಬ ಕೆಂಪಗೆ ಕಾದಿತ್ತು.

ಇಂಥ ಸ್ಥಿತಿಯಲ್ಲಿ ಕಾಯಬಾರದು. ಒಳಗಿನ ಇಟ್ಟಿಗೆ ಒಡೆದು ತುಂಡುಗಳು ದಾರಿಗೆ ಅಡ್ಡ ಕೂತಿದ್ದವು. ನಾನು ಬದಲಿಸಿದೆ. ಮೆಕ್ಯಾನಿಕ್ ಅದರ ಹಿಂದಿನ ಸೈಲೆನ್ಸರನ್ನೂ ಬಿಚ್ಚಿ ತುಂಡುಗಳನ್ನು ಉದುರಿಸಿದರು. ಅದನ್ನು ಮಾಡದಿದ್ದರೆ ಹೊಸ ಕನ್ವರ್ಟರ್ ಹಾಕಿದರೂ ಗಾಡಿ ಎಳೆಯುವುದಿಲ್ಲವಂತೆ. ಜೊತೆಗೆ ಕೆಳಗೆ ಒಂದು ಗಟ್ಟಿ ತಗಡಿನ ಗಾರ್ಡ್ ಹಾಕಿಸಿಕೊಂಡೆ, ಗಾಳಿ ಆಡಲು ಸಂದಿ ಬಿಟ್ಟು. ತೋಟದ ರಸ್ತೆಯವರಿಗೆ ಇದು ಒಳ್ಳೆಯದು.

ಒಂದು ಪ್ರಶ್ನೆ: ಕಟ್ಟಿಕೊಂಡಿದೆಯಾ ಅಂತ ಬಿಚ್ಚದೆ ತಿಳಿಯುವುದು ಹೇಗೆ?

ಹಾಸನ_ಸ್ಪ್ಯಾನರ್, ಹಾಸನ

ಮೇಡಂ, ಒಳ್ಳೆಯ ಪ್ರಶ್ನೆ. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಕೂರಿಸುವುದು ಒಂದು ದಾರಿ. ಐಡಲ್‌ನಲ್ಲಿ ಒಂದೂವರೆ ಪಿಎಸ್‌ಐ ಒಳಗೆ, 2,500 ಆರ್‌ಪಿಎಂನಲ್ಲಿ ಸುಮಾರು ಮೂರು ಪಿಎಸ್‌ಐ ಒಳಗೆ ಇದ್ದರೆ ದಾರಿ ತೆರೆದಿದೆ. ಅದಕ್ಕಿಂತ ತುಂಬಾ ಮೇಲಿದ್ದರೆ ಎಲ್ಲೋ ಕಟ್ಟಿದೆ.

ಇನ್ನೊಂದು ವ್ಯಾಕ್ಯೂಮ್ ಗೇಜ್, ಎಂಜಿನ್ ಗಾಳಿ ಎಳೆಯುವ ಸೆಳೆತವನ್ನು ಪಾದರಸದ ಇಂಚಿನಲ್ಲಿ ಅಳೆಯುವುದು. ಇಲ್ಲಿ ನಮ್ಮ ಜಿಲ್ಲೆಗಳವರು ಒಂದು ವಿಷಯ ಗಮನಿಸಬೇಕು. ಪುಸ್ತಕದಲ್ಲಿ ಐಡಲ್‌ನಲ್ಲಿ 17ರಿಂದ 21 ಇಂಚು ಬರಬೇಕು ಅಂತ ಇರುತ್ತದೆ. ಅದು ಸಮುದ್ರ ಮಟ್ಟದ ಲೆಕ್ಕ, ಮಂಗಳೂರಿಗೆ ಸರಿ. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಇಂಚು ಇಳಿಯುತ್ತದೆ. ಹಾಸನ ಸಾವಿರ ಮೀಟರಿಗೆ ಸ್ವಲ್ಪ ಕಡಿಮೆ, ಚಿಕ್ಕಮಗಳೂರು ಸ್ವಲ್ಪ ಜಾಸ್ತಿ. ಅಂದರೆ ನಮ್ಮಲ್ಲಿ ಸುಮಾರು ಮೂರು ಇಂಚು ಕಮ್ಮಿ ಬರುವುದೇ ಸರಿ. 15 ತೋರಿಸಿದರೆ ಎಂಜಿನ್ ಹಾಳಾಗಿದೆ ಅಂತ ಹೆದರಬೇಕಾಗಿಲ್ಲ. ನೋಡಬೇಕಾದದ್ದು ಬೇರೆ: 2,500ರಲ್ಲಿ ಹಿಡಿದಾಗ ಮುಳ್ಳು ನಿಂತಲ್ಲೇ ನಿಲ್ಲಬೇಕು. ನಿಧಾನವಾಗಿ ಇಳಿಯುತ್ತಾ ಹೋದರೆ ಹೊಗೆ ಹೊರಗೆ ಹೋಗಲು ದಾರಿ ಇಲ್ಲ ಅಂತ.

ದಂಡಿಗನಹಳ್ಳಿ_ರೈತ, ಚನ್ನರಾಯಪಟ್ಟಣ

ಕನ್ವರ್ಟರ್ ಕೆಂಪಗೆ ಕಾಯುವ ವಿಷಯ ಬಂದಿತು. ಸ್ವಲ್ಪ ಬೇರೆ ಮಾತಾದರೂ ಹೇಳಲೇಬೇಕು.

ನಮ್ಮ ಕಡೆ ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ರಸ್ತೆ ಮೇಲೆ ಹರಡಿ ವಾಹನಗಳ ಚಕ್ರದಲ್ಲೇ ಒಕ್ಕಣೆ ಮಾಡುತ್ತಾರೆ. ಹುರುಳಿ ಬಳ್ಳಿ ಆಕ್ಸಲ್‌ಗೆ ಸುತ್ತಿಕೊಂಡು ಬಿಸಿ ಪೈಪಿಗೆ, ಕನ್ವರ್ಟರಿಗೆ ತಾಗುತ್ತದೆ. ಅದರಿಂದ ಕಾರಿಗೆ ಬೆಂಕಿ ಹತ್ತಿದ ಸುದ್ದಿ ಪ್ರತಿ ವರ್ಷ ಅಂದರೂ ತಪ್ಪಲ್ಲ. ರೈತರಾಗಿ ನಾವು ರಸ್ತೆಯಲ್ಲಿ ಹರಡುವುದನ್ನು ನಿಲ್ಲಿಸಬೇಕು. ನಾನು ನಿಲ್ಲಿಸಿದ್ದೇನೆ, ಅಕ್ಕಪಕ್ಕದವರಿಗೂ ಹೇಳುತ್ತಿದ್ದೇನೆ. ಕಾರಿನವರು ಹುರುಳಿ ಹರಡಿರುವುದು ಕಂಡರೆ ದಯವಿಟ್ಟು ಪಕ್ಕದಲ್ಲಿ ಹೋಗಿ. ಹತ್ತಿಸಲೇಬೇಕಾಗಿ ಬಂದರೆ ಮುಂದೆ ಹೋಗಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕೆಳಗೆ ಸುತ್ತಿಕೊಂಡಿದೆಯಾ ನೋಡಿ. ದೂರದ ದಾರಿ ಓಡಿಸಿ ಬಂದ ಕಾರನ್ನು ಹುಲ್ಲು ಬಣವೆ ಪಕ್ಕ, ಒಣಗಿದ ತರಗೆಲೆ ಮೇಲೆ ನಿಲ್ಲಿಸಬೇಡಿ. ಮಿಸ್ ಹೊಡೆಯುವ ಗಾಡಿಯಾದರೆ ಇನ್ನೂ ಜಾಸ್ತಿ ಎಚ್ಚರ.

ಬಾಳೆಹೊನ್ನೂರು_ಕಾಫಿ, ಬಾಳೆಹೊನ್ನೂರು

ಇದು ಬೇರೆ ಮಾತಲ್ಲ ಅಣ್ಣಾ, ಎಲ್ಲಕ್ಕಿಂತ ಮುಖ್ಯದ ಮಾತು. ಬೇಸಿಗೆಯಲ್ಲಿ ಸಿಲ್ವರ್ ಓಕ್ ಮರದ ಎಲೆ ತೋಟದ ತುಂಬಾ ಬಿದ್ದಿರುತ್ತದೆ. ನಾವೂ ಈಗ ಗುಡಿಸಿದ ಜಾಗದಲ್ಲೇ ಗಾಡಿ ನಿಲ್ಲಿಸುತ್ತೇವೆ.

ಹೊಳೆನರಸೀಪುರ_ಹುಡುಗ, ಹೊಳೆನರಸೀಪುರ

ಅಣ್ಣಂದಿರಾ, ಪೆಟ್ರೋಲ್ ಟ್ಯಾಂಕಿಗೆ ಹಾಕುವ ಕನ್ವರ್ಟರ್ ಕ್ಲೀನರ್ ಬಾಟಲಿ ಸಿಗುತ್ತದಲ್ಲ, ಅದು ಕೆಲಸ ಮಾಡುತ್ತದಾ? ಮತ್ತೆ ಈಗಿನ ಇ20 (ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆಸಿದ) ಪೆಟ್ರೋಲಿನಿಂದ ಕನ್ವರ್ಟರ್ ಹೋಗುತ್ತದೆ ಅಂತಾರೆ, ನಿಜಾನಾ? ಗುಜರಿಯಲ್ಲಿ ಸೆಕೆಂಡ್ ಹ್ಯಾಂಡ್ ಕನ್ವರ್ಟರ್ ತಂದು ಹಾಕಬಹುದಾ?

ಹಾಸನ_ಸ್ಪ್ಯಾನರ್, ಹಾಸನ

ಬಾಟಲಿ: ಮಸಿ ಕೂತಿದ್ದರೆ ಸ್ವಲ್ಪ ಪ್ರಯೋಜನ ಆಗಬಹುದು. ಊರೊಳಗೆ ಒಂದೆರಡು ಕಿ.ಮೀ. ಮಾತ್ರ ಓಡುವ ಗಾಡಿಗಳಲ್ಲಿ ಹೀಗೆ ಮಸಿ ಕೂರುತ್ತದೆ. ಕನ್ವರ್ಟರ್ ಕೆಲಸ ಶುರು ಮಾಡಲು 250ರಿಂದ 300 ಡಿಗ್ರಿ ಬಿಸಿ ಬೇಕು. ಚಳಿಗಾಲದ ಬೆಳಿಗ್ಗೆ ಮನೆಯಿಂದ ಮಾರ್ಕೆಟ್‌ಗೆ ಹೋಗಿ ಬರುವಷ್ಟರಲ್ಲಿ ಅದು ಸರಿಯಾಗಿ ಬಿಸಿಯೇ ಆಗಿರುವುದಿಲ್ಲ. ಅದಕ್ಕೆ ಬಾಟಲಿಗಿಂತ ಹಾಸನದಿಂದ ಬೇಲೂರಿಗೆ ಒಂದೇ ಸಮನೆ ಓಡಿಸಿಕೊಂಡು ಬರುವುದು ಒಳ್ಳೆಯದು. ಆಯಿಲ್ ಪದರ ಕೂತಿದ್ದರೆ, ಇಟ್ಟಿಗೆ ಕರಗಿದ್ದರೆ ಯಾವ ಬಾಟಲಿಯಿಂದಲೂ ಆಗುವುದಿಲ್ಲ.

ಸೆಕೆಂಡ್ ಹ್ಯಾಂಡ್: ಬೇಡ. ಅದು ಯಾವ ಗಾಡಿಯದು, ಯಾಕೆ ಬಿಚ್ಚಿದ್ದು ಯಾರಿಗೂ ಗೊತ್ತಿರುವುದಿಲ್ಲ. ಹೊರಗಿಂದ ನೋಡಿದರೆ ಲೇಪದ ಸ್ಥಿತಿ ತಿಳಿಯುವುದಿಲ್ಲ. ಹೊರಗಿನ ಕಂಪನಿಯ ಹೊಸದು ಸಿಗುತ್ತದೆ, ಬೆಲೆ ಕಮ್ಮಿ. ಅದರಲ್ಲಿ ಅಮೂಲ್ಯ ಲೋಹ ಸಾಮಾನ್ಯವಾಗಿ ಕಮ್ಮಿ ಹಾಕಿರುತ್ತಾರೆ, ಅದಕ್ಕೇ ಬೆಲೆಯೂ ಕಮ್ಮಿ. ಎರಡು ಮೂರು ವರ್ಷಕ್ಕೆ ಮತ್ತೆ ಪಿ0420 ಬರಬಹುದು. ಹಿಂದಿನ ಸೆನ್ಸರ್ ಇಲ್ಲದ ಹಳೇ ಗಾಡಿಗೆ, ಬಿಲ್ ಮತ್ತು ವಾರಂಟಿ ಇದ್ದರೆ ಹಾಕಿಸಬಹುದು. ದುಡ್ಡಿನ ಕಷ್ಟ ಇರುವವರಿಗೆ ನಾನು ಹೇಳುವ ದಾರಿ ಇದೇ. ಖಾಲಿ ಡಬ್ಬಕ್ಕಿಂತ ಸಾವಿರ ಪಾಲು ಮೇಲು.

ಇನ್ನೊಂದು ಮುಖ್ಯ ವಿಷಯ. ಹಳೇ ಕನ್ವರ್ಟರನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಕೆಟ್ಟರೂ ಅದರೊಳಗಿನ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಹಾಗೇ ಇರುತ್ತವೆ. ಅದಕ್ಕೆ ಬೆಲೆ ಇದೆ. ಎಸ್ಟಿಮೇಟ್ ಕೇಳುವಾಗಲೇ "ಹಳೇದು ನನಗೆ ವಾಪಸ್ ಬೇಕು, ಇಲ್ಲ ಅಂದರೆ ಬೆಲೆ ಕಳೆದು ಬಿಲ್ ಮಾಡಿ" ಅಂತ ಹೇಳಿ. ಪರೀಕ್ಷೆ ಮಾಡದೆ ಬದಲಿಸಿ ಅನ್ನುವವರ ಆತುರಕ್ಕೆ ಕೆಲವು ಕಡೆ ಇದೂ ಒಂದು ಕಾರಣ.

ಅರಸೀಕೆರೆ_ಮೇಷ್ಟ್ರು, ಅರಸೀಕೆರೆ

ಇ20 ಬಗ್ಗೆ ನಾನು ಹೇಳುತ್ತೇನೆ. ಎಥನಾಲ್‌ನಲ್ಲಿ ಸೀಸದ ಹಾಗೆ ಲೇಪವನ್ನು ಕೊಲ್ಲುವ ಅಂಶ ಇಲ್ಲ. ಅದು ಚೆನ್ನಾಗಿ ಸುಡುವ ಇಂಧನ. ಹಳೇ ಗಾಡಿಯಲ್ಲಿ ನೋಡಬೇಕಾದದ್ದು ರಬ್ಬರ್ ಪೈಪು, ಸೀಲುಗಳನ್ನು. ಅವು ಹಾಳಾಗಿ ಪೆಟ್ರೋಲ್ ಗಾಳಿಯ ಹದ ತಪ್ಪಿದರೆ ಮಿಸ್ಸಿಂಗ್ ಬರುತ್ತದೆ, ಆಗ ಕನ್ವರ್ಟರಿಗೆ ತೊಂದರೆ. ಪೈಪುಗಳನ್ನು ಸರ್ವೀಸಿನಲ್ಲಿ ನೋಡಿಸುತ್ತಿರಿ.

ಕೆಎ18_ಬಿಳಿಕಾರು, ಚಿಕ್ಕಮಗಳೂರು

ಎಲ್ಲರಿಗೂ ತಿಳಿಸಬೇಕಾದ ಸುದ್ದಿ ಇದೆ.

ಎರಡನೇ ಸಿಲಿಂಡರಿನ ಕಾಯಿಲ್ ಹೋಗಿತ್ತು, ಬದಲಿಸಿದೆ. ಪ್ಲಗ್ ನಾಲ್ಕೂ ಹೊಸದು. ಹಳೇ ಪ್ಲಗ್‌ಗಳಲ್ಲಿ ಎರಡಕ್ಕೆ ಆಯಿಲ್ ಮಸಿ ಹಿಡಿದಿತ್ತು. ಎಂಜಿನ್ನಿನಿಂದ ಹೊಗೆ ಹೊರಬರುವ ಮ್ಯಾನಿಫೋಲ್ಡ್ ಪೈಪಿನ ಹತ್ತಿರದ ಜಾಯಿಂಟಿನಲ್ಲಿ ಕಪ್ಪು ಗೆರೆ ಕಂಡಿತು, ಲೀಕ್ ಇತ್ತು. ಗ್ಯಾಸ್ಕೆಟ್ ಹಾಕಿಸಿದೆ. ಎಲ್ಲ ಸೇರಿ ಹೇಳಿದ್ದ 38 ಸಾವಿರದಲ್ಲಿ ಒಂದು ಸಣ್ಣ ಪಾಲು. ಪಿಕಪ್ ವಾಪಸ್ ಬಂದಿದೆ. ಮುಳ್ಳಯ್ಯನಗಿರಿ ರಸ್ತೆಯ ತಿರುವುಗಳಲ್ಲಿ ಮೊದಲಿನ ಹಾಗೇ ಎಳೆಯುತ್ತದೆ.

ಎಮಿಷನ್ ಟೆಸ್ಟ್ ಪಾಸಾಯಿತು. ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 0.21, ಹೈಡ್ರೋಕಾರ್ಬನ್ 160. ಮಿತಿಯೊಳಗೆ ಇದೆ, ಆದರೆ ತುಂಬಾ ಒಳಗೂ ಇಲ್ಲ.

ಕೋಡ್ ಅಳಿಸಿದ ಮೇಲೆ ಕೆಲವು ವಾರ ಲೈಟ್ ಬರಲಿಲ್ಲ. ಈಗ ಮತ್ತೆ ಬಂದಿದೆ. ಪಿ0420 ಒಂದೇ. ಮಿಸ್ಸಿಂಗ್ ಕೋಡ್ ಇಲ್ಲ. ಚಾರ್ಮಾಡಿ ಇಳಿದು ನೀವು ಹೇಳಿದ ಪರೀಕ್ಷೆ ಮಾಡಿದೆ. ಕೆಳಗೆ ತುಳಿದಾಗ ನೀಲಿ ಹೊಗೆ ಬಂತು, ಹತ್ತುವಾಗ ಬರಲಿಲ್ಲ. ಸೆನ್ಸರುಗಳ ರೀಡಿಂಗನ್ನು ಫೋನಿನಲ್ಲಿ ವಿಡಿಯೋ ಮಾಡಿದ್ದೇನೆ: ಮುಂದಿನದು 0.1ರಿಂದ 0.9 ವೋಲ್ಟ್ ನಡುವೆ ಆಡುತ್ತದೆ. ಹಿಂದಿನದೂ ಹೆಚ್ಚು ಕಡಿಮೆ ಹಾಗೇ ಆಡುತ್ತದೆ. ಪ್ರೆಶರ್ 2,500ರಲ್ಲಿ ಎರಡು ಪಿಎಸ್‌ಐ ದಾಟಲಿಲ್ಲ.

ಹಾಸನ_ಸ್ಪ್ಯಾನರ್, ಹಾಸನ

ಸರ್, ಇಷ್ಟು ಚೆನ್ನಾಗಿ ಪರೀಕ್ಷೆ ಮಾಡಿಸಿ ಬರೆದದ್ದಕ್ಕೆ ಧನ್ಯವಾದ. ಈಗ ಖಚಿತವಾಗಿ ಹೇಳಬಹುದು. ಎಂಜಿನ್ ಬಿಸಿಯಾಗಿ ಒಂದೇ ವೇಗದಲ್ಲಿ ಓಡುವಾಗ ಹಿಂದಿನ ಸೆನ್ಸರ್ 0.6, 0.7 ವೋಲ್ಟ್ ಹತ್ತಿರ ಸುಮ್ನೆ ನಿಂತಿರಬೇಕು. ಮುಂದಿನದರ ಜೊತೆ ಅದೂ ಆಡಿದರೆ ಕನ್ವರ್ಟರ್ ಆಕ್ಸಿಜನ್ ಹಿಡಿದಿಟ್ಟುಕೊಳ್ಳುವ ಶಕ್ತಿ ಕಳೆದುಕೊಂಡಿದೆ ಅಂತ. ಲೀಕ್ ಸರಿ ಮಾಡಿದ್ದೀರಿ, ಮಿಸ್ಸಿಂಗ್ ಇಲ್ಲ, ಆದರೂ ಹೀಗೆ ಇದೆ. ಹಾಗಾದರೆ ನಿಮ್ಮ ಕನ್ವರ್ಟರ್ ನಿಜವಾಗಿಯೂ ಸೋತಿದೆ. ಬದಲಿಸಬೇಕು.

ಆದರೆ ಇವತ್ತೇ ಅಲ್ಲ. ಅದು ಕಟ್ಟಿಕೊಂಡಿಲ್ಲ, ಕೆಂಪಗೆ ಕಾಯುತ್ತಿಲ್ಲ, ಟೆಸ್ಟೂ ಪಾಸಾಗಿದೆ. ಬಿಎಸ್4 ಗಾಡಿಗೆ ಸರ್ಟಿಫಿಕೇಟ್ ಒಂದು ವರ್ಷ ಇರುತ್ತದೆ. ಅಷ್ಟರೊಳಗೆ ಮೊದಲು ವಾಲ್ವ್ ಸೀಲ್ ಹಾಕಿಸಿ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿಸಿ, ನಾಲ್ಕೂ ಸಿಲಿಂಡರಿನಲ್ಲಿ ಸಮವಾಗಿ ಬಂದರೆ ರಿಂಗ್ ಮುಟ್ಟಬೇಡಿ. ಹಲವು ಎಂಜಿನ್‌ಗಳಲ್ಲಿ ಹೆಡ್ ಇಳಿಸದೆಯೇ ಸೀಲ್ ಬದಲಿಸಬಹುದು, ನಿಮ್ಮ ಮೆಕ್ಯಾನಿಕ್ ಹತ್ತಿರ ಕೇಳಿ. ಸಾವಿರ ಎರಡು ಸಾವಿರ ಕಿ.ಮೀ. ಓಡಿಸಿ ಆಯಿಲ್ ಇಳಿಯುವುದು ನಿಂತಿದೆ ಅಂತ ಡಿಪ್‌ಸ್ಟಿಕ್‌ನಲ್ಲಿ ನೋಡಿಕೊಳ್ಳಿ. ನಿಂತ ಮೇಲೆ ಕನ್ವರ್ಟರ್ ಹಾಕಿಸಿ. ನಾಲ್ಕೈದು ವರ್ಷ ಇಟ್ಟುಕೊಳ್ಳುತ್ತೀರಿ ಅಂದಿದ್ದರಿಂದ ಕಂಪನಿಯದ್ದೇ ಹಾಕಿಸಿ, ಆ ಖರ್ಚಿಗೆ ಅರ್ಥ ಇದೆ.

ಹಾಕುವಾಗ ಹೊಸ ಗ್ಯಾಸ್ಕೆಟ್, ಹೊಸ ನಟ್ ಬೋಲ್ಟ್ ಬೇಕು. ಜಾಯಿಂಟಿಗೆ ಸಿಲಿಕಾನ್ ಪೇಸ್ಟ್ ಬಳಿಯಲು ಬಿಡಬೇಡಿ, ಅದರ ಆವಿ ಸೆನ್ಸರನ್ನೂ ಲೇಪವನ್ನೂ ಕೆಡಿಸುತ್ತದೆ. ಬಿಲ್ ಇಟ್ಟುಕೊಳ್ಳಿ. 15 ವರ್ಷಕ್ಕೆ ಆರ್‌ಸಿ ನವೀಕರಣಕ್ಕೆ ಹೋದಾಗ ಗಾಡಿ ಸುಸ್ಥಿತಿಯಲ್ಲಿದೆ ಅಂತ ತೋರಿಸಲು ಧೈರ್ಯ ಇರುತ್ತದೆ.

ಸಕಲೇಶಪುರ_ರೋಡು, ಸಕಲೇಶಪುರ

ನನ್ನ ತಮ್ಮನ ಗಾಡಿಗೂ ಇದೇ ಲೈಟ್ ಇದೆ. ಇಟ್ಟಿಗೆ ಒಡೆಸಲು ಹೊರಟಿದ್ದ. ನಿಲ್ಲಿಸಿದ್ದೇನೆ. ಮೊದಲು ಪೆಂಡಿಂಗ್ ಕೋಡ್ ನೋಡಿಸುತ್ತೇವೆ. ಸ್ಪ್ಯಾನರ್ ಅಣ್ಣಾ, ಅವನ ಗಾಡಿ ಕೂಲೆಂಟ್ ಕುಡಿಯುತ್ತದೆ. ಅದೂ ಕಾರಣ ಆಗಬಹುದಾ?

ಹಾಸನ_ಸ್ಪ್ಯಾನರ್, ಹಾಸನ

ಖಂಡಿತ ಆಗಬಹುದು. ಹೆಡ್ ಗ್ಯಾಸ್ಕೆಟ್ ಸೋರಿದರೆ ಕೂಲೆಂಟ್ ಸುಟ್ಟು ಅದರ ಅಂಶ ಸೆನ್ಸರ್ ಮೇಲೂ ಲೇಪದ ಮೇಲೂ ಕೂರುತ್ತದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ, ಎಂಜಿನ್ ಓಡುವಾಗ ಕೂಲೆಂಟ್ ಬಾಟಲಿಯಲ್ಲಿ ಗುಳ್ಳೆ ಏಳುತ್ತಿದ್ದರೆ ಗಾಡಿ ಓಡಿಸುವುದನ್ನು ನಿಲ್ಲಿಸಲು ಹೇಳಿ. ಎಂಜಿನ್ ಬಿಸಿ ಇರುವಾಗ ಮುಚ್ಚಳ ತೆಗೆಯಬಾರದು. ತಣ್ಣಗಾದ ಮೇಲೆ ಪ್ರೆಶರ್ ಟೆಸ್ಟ್ ಮಾಡಿಸಿ. ಕೋಡ್ ಏನು ಬಂತು ಅಂತ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.

ಕೆಎ18_ಬಿಳಿಕಾರು, ಚಿಕ್ಕಮಗಳೂರು

ವಾಲ್ವ್ ಸೀಲ್ ಕೆಲಸಕ್ಕೆ ಸೋಮವಾರ ಗಾಡಿ ಬಿಡುತ್ತಿದ್ದೇನೆ. ಕಂಪ್ರೆಷನ್ ಅಂಕಿ ಸಿಕ್ಕ ಕೂಡಲೇ ಹಾಕುತ್ತೇನೆ. ಹಳೇ ಕನ್ವರ್ಟರ್ ವಾಪಸ್ ಬೇಕು ಅಂತ ಈಗಲೇ ಹೇಳಿಟ್ಟಿದ್ದೇನೆ, ಒಪ್ಪಿದ್ದಾರೆ.